ಬಲಗಡೆಗೆ ಮಾತ್ರ

ಆಟ ಆಡುವ ಮೊದಲೇ ಯೋಗಾನಂದ ಅದರ ಬಗ್ಗೆ ಮೊದಲ ವಾಕ್ಯ ಬರೆದುಬಿಟ್ಟಿದ್ದ. 'ಆಧುನಿಕ ಮನುಷ್ಯನ ಏಕಾಂತಕ್ಕೆ ಇದೊಂದು ಹೊಸ ರೂಪಕ.' ಓದಿ ನೋಡಿ 'ಹೊಸ' ಎಂಬುದನ್ನು ಹೊಡೆದುಹಾಕಿದ. ವಾಕ್ಯಕ್ಕೆ ಇನ್ನಷ್ಟು ಗಾಂಭೀರ್ಯ ಬಂತೆನಿಸಿತು.

ಬರೆಯಲು ಕೇಳಿದವನು ತಬ್ರೇಜ್. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಹಿಂದೆ ವಿಡಿಯೋ ಲೈಬ್ರರಿ ಇಟ್ಟಿದ್ದ. ಕಾಲೇಜಿನಲ್ಲಿ ಯೋಗಾನಂದನ ಇಂಗ್ಲಿಷ್ ಕ್ಲಾಸಿನಲ್ಲಿ ಕೂತು ಎರಡು ಸಲ ಫೇಲಾದವನು. ಅದಕ್ಕೋ ಏನೋ ಮೇಷ್ಟರ ಮೇಲೆ ಗೌರವ ಹೆಚ್ಚು. ಬಿಡುಗಡೆಯಾಗಿ ತಿಂಗಳೂ ಕಳೆಯದ ಟಿ.ವಿ. ಗೇಮೊಂದರ ಕ್ಯಾಸೆಟ್ಟನ್ನು ಬೆಂಗಳೂರಿನಿಂದ ತಂದಿದ್ದ. ಇದರಿಂದ ಮಕ್ಕಳು ಹಾಳಾಗುತ್ತಾರೆಂದು ಊರಿನ ಹಿರಿಯರು ಗೊಣಗುತ್ತಿದ್ದರು. ಪತ್ರಿಕೆಗಳಲ್ಲಿ ವಿಮರ್ಶೆ ಬರೆಯುವ ಮೇಷ್ಟರೇ ಆಡಿ ನೋಡಿ ನಾಲ್ಕು ಸಾಲು ಬರೆದುಕೊಟ್ಟರೆ ಅಂಗಡಿ ಮುಂದಿನ ಬೋರ್ಡಿಗೆ ಹಾಕುತ್ತೇನೆ, ಆಮೇಲೆ ಯಾರೂ ಉಸಿರೆತ್ತುವುದಿಲ್ಲ ಎಂದು ಹೇಳಿ, ಭಾನುವಾರ ಬೆಳಿಗ್ಗೆ ತಾನೇ ಬಂದು ಟಿ.ವಿ.ಗೆ ವೈರು ಸಿಕ್ಕಿಸಿ ಹೋಗಿದ್ದ. ಸಂಜೆ ಐದಕ್ಕೆ ಬರುತ್ತೇನೆಂದಿದ್ದ.

ಎರಡು ವರ್ಷಗಳಿಂದ ಯಾವ ಪತ್ರಿಕೆಯೂ ಯೋಗಾನಂದನಿಂದ ಏನನ್ನೂ ಕೇಳಿರಲಿಲ್ಲ. ಇದನ್ನು ತಬ್ರೇಜನಿಗೆ ತಿಳಿಸುವ ಅಗತ್ಯ ಅವನಿಗೆ ಕಾಣಲಿಲ್ಲ.

ಪರದೆಯ ಮೇಲೆ ಹಳದಿ ಕೋಟಿನ ಒಬ್ಬ ಕುಳ್ಳ. ಆಕಾಶದಲ್ಲಿ ತೇಲುವ ಕಲ್ಲುಚಪ್ಪಡಿಗಳು, ನೆಲದಲ್ಲಿ ಗುಂಡಿಗಳು. ರಿಮೋಟಿನ ಗುಂಡಿ ಒತ್ತಿದರೆ ಕುಳ್ಳ ಹಾರುತ್ತಾನೆ, ಒತ್ತದಿದ್ದರೆ ಗುಂಡಿಗೆ ಬೀಳುತ್ತಾನೆ. ಎರಡಕ್ಕೂ ಕನ್ನಡದಲ್ಲಿ ಒಂದೇ ಪದವಿರುವುದು ಯೋಗಾನಂದನಿಗೆ ಬಹಳ ಹಿಡಿಸಿತು. ಅದನ್ನು ಬರೆದುಕೊಂಡ. ಬರೆದುಕೊಳ್ಳುವಾಗ ಕುಳ್ಳ ಬಸವನಹುಳುವಿನಂಥ ಒಂದು ಪ್ರಾಣಿಗೆ ಸಿಕ್ಕಿ ಸತ್ತ.

ಮೊದಲ ಗುಂಡಿಯನ್ನೇ ದಾಟಲಾಗಲಿಲ್ಲ. ಹನ್ನೊಂದು ಸಲ ಬಿದ್ದ. ಬೇಸತ್ತು ಎಡಕ್ಕೆ ನಡೆಸಿ ನೋಡಿದ. ಕುಳ್ಳ ಪರದೆಯ ಅಂಚಿಗೆ ಮುಖ ಒತ್ತಿಕೊಂಡು ನಿಂತಲ್ಲೇ ಕಾಲಾಡಿಸಿದ. ನಡೆದು ಬಂದ ದಾರಿ ಮಾಯವಾಗಿತ್ತು. ಹೋಗುವುದಿದ್ದರೆ ಬಲಗಡೆಗೆ ಮಾತ್ರ. ಇದು ಯೋಗಾನಂದನಿಗೆ ಒಂದೂವರೆ ಪುಟದ ವಿಷಯವಾಯಿತು.

ವಾಣಿ ಹಿಂದೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಮಗ್ಗದ ಮನೆಯ ಹೆಣ್ಣು. ಮದುವೆಗೆ ಮುಂಚೆ ಒಬ್ಬಳೇ ಎರಡು ಪವರ್‌ಲೂಮ್ ನೋಡಿಕೊಳ್ಳುತ್ತಿದ್ದವಳು. ಮದುವೆಯಾದ ಮೇಲೆ ಮೇಷ್ಟರ ಹೆಂಡತಿಗೆ ಅದು ಬೇಡವೆಂದು ಯೋಗಾನಂದನೇ ತೀರ್ಮಾನಿಸಿದ್ದ. ಈಗ ಪಕ್ಕದ ಪಿಳ್ಳಣ್ಣನ ಮಗ್ಗಗಳ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು, ಅಷ್ಟೆ.

"ನೀವು ಯೋಚ್ನೆ ಮಾಡಿ ಹಾರ್ತೀರಿ. ಅಷ್ಟ್ರಲ್ಲಿ ಅವ್ನು ಬಿದ್ದಿರ್ತಾನೆ," ಅಂದಳು.

ಹಾರುವುದು ಇಲ್ಲಿ ಮುಖ್ಯವಲ್ಲ ಎಂದು ಯೋಗಾನಂದ ವಿವರಿಸಿದ. ಅವಳು ಹೂಂಗುಟ್ಟಿದಳು. ಅವನು ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡು, ಕೊನೆಯ ವಾಕ್ಯ ಹುಡುಕಲು ಚಪ್ಪಲಿ ಮೆಟ್ಟಿ ಹೊರಟ.

ತೇರಿನ ಬೀದಿಯವರೆಗೂ ಹೋದ. ಕಾಫಿ ಕುಡಿದ. ಕೊನೆಯ ವಾಕ್ಯ ಹೊಳೆಯಿತು. 'ನಾವೆಲ್ಲ ಆ ಕುಳ್ಳರೇ' ಎಂಬರ್ಥದ್ದು. ಸಮಾಧಾನದಿಂದ ಮನೆಗೆ ಬಂದಾಗ ಬಾಗಿಲು ಅರ್ಧ ತೆರೆದಿತ್ತು.

ಒಳಗೆ ವಾಣಿ ಆಡುತ್ತಿದ್ದಳು. ಹುರುಳಿಕಾಯಿ ಮೊರ ಪಕ್ಕಕ್ಕೆ ಸರಿದಿತ್ತು. ಕುಳ್ಳ ಹಾರಿದಾಗ ಅವಳ ಭುಜವೂ ಏಳುತ್ತಿತ್ತು. ಬೆರಳು ಪರದೆಗಿಂತ ಮೊದಲೇ ಎಲ್ಲವನ್ನೂ ತಿಳಿದಂತೆ ಆಡುತ್ತಿತ್ತು. ಒಮ್ಮೆ ಕುಳ್ಳ ಬಿದ್ದ. ಅವಳು ನಕ್ಕಳು, ಒಬ್ಬಳೇ, ಗಟ್ಟಿಯಾಗಿ.

ಬಿದ್ದರೆ ನಗಬಹುದೆಂದು ಯೋಗಾನಂದನಿಗೆ ಹೊಳೆದಿರಲಿಲ್ಲ. ಆ ನಗು ಅವಳದೆಂದು ನಂಬುವುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು. ತನ್ನ ಮನೆಯ ಹೊಸ್ತಿಲಲ್ಲೇ, ಯಾರದೋ ವಿಳಾಸ ಕೇಳಲು ಬಂದವನ ಹಾಗೆ ನಿಂತ. ಕೆಮ್ಮಬೇಕೇ ಬೇಡವೇ ಎಂದು ಯೋಚಿಸುವಷ್ಟರಲ್ಲಿ ಹಿಂದಿನಿಂದ ತಬ್ರೇಜ್ ಬಂದು, ಅವನನ್ನು ದಾಟಿಕೊಂಡು ಒಳಗೆ ಹೋದ.

ಮೂರನೇ ಲೆವೆಲ್ ಎಂದು ಕಂಡದ್ದೇ ತಬ್ರೇಜ್ ಕಂಬದಂತೆ ನಿಂತ. ಅಲ್ಲಿಗೆ ತಾನಿನ್ನೂ ಹೋಗಿಲ್ಲವೆಂದು ಒಪ್ಪಿಕೊಂಡ.

"ಹೆಂಗಿದೆ ಮೇಡಂ, ಗೇಮು?"

ವಾಣಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಚೆನ್ನಾಗಿದೆ ಕಣಪ್ಪ. ಬಿದ್ರೂ ಯಾರೂ ಏನೂ ಅನ್ನಲ್ಲ."

ತಬ್ರೇಜ್ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಅಷ್ಟನ್ನೂ ಬರೆದುಕೊಂಡ. ಆಮೇಲೆ ಮೇಷ್ಟರ ನೆನಪಾಗಿ ತಿರುಗಿದ.

"ಬೋರ್ಡಿಗೆ ಇದೇ ಸಾಕು ಅನ್ಸುತ್ತೆ, ಅಲ್ವಾ ಸರ್?"

ಸಾಕು ಎಂದ ಯೋಗಾನಂದ. ಜೇಬಿನಲ್ಲಿದ್ದ ನಾಲ್ಕು ಪುಟಗಳು ಎದೆಗೆ ಚುಚ್ಚಿದವು. ಸ್ಟೇಪ್ಲರ್ ಪಿನ್ನಿರಬೇಕು ಎಂದುಕೊಂಡ.

ಟೀ ಇಡುತ್ತೇನೆಂದು ವಾಣಿ ಎದ್ದಳು. ರಿಮೋಟನ್ನು ಗಂಡನ ಕೈಗೆ ಕೊಟ್ಟು, ಏನನ್ನೂ ಒತ್ತಬೇಡಿ, ಸುಮ್ಮನೆ ಹಿಡಿದುಕೊಂಡಿರಿ ಎಂದಳು. ಅವಳ ಬೆರಳುಗಳ ಬಿಸಿ ಅದರ ಮೇಲಿನ್ನೂ ಇತ್ತು. ತಬ್ರೇಜ್ ಅಡುಗೆಮನೆಯ ಬಾಗಿಲಲ್ಲಿ ನಿಂತು, ಎರಡನೇ ಲೆವೆಲ್ಲಿನ ಸೇತುವೆ ದಾಟಿದ್ದು ಹೇಗೆಂದು ಕೇಳುತ್ತಿದ್ದ. ಅವಳು ಹೇಳುತ್ತಲೇ ಇದ್ದಳು. ಇಷ್ಟೊಂದು ಮಾತು ಅವಳಲ್ಲಿತ್ತೆ?

ಪರದೆಯ ಮೇಲೆ ಯೋಗಾನಂದ ಎಂದೂ ಕಾಣದ ಜಾಗವಿತ್ತು. ನೀಲಿ ಕತ್ತಲು, ಒಂದೇ ಒಂದು ಕಿರಿದಾದ ಚಪ್ಪಡಿ, ಅದರ ತುದಿಯಲ್ಲಿ ಕುಳ್ಳ. ಯೋಗಾನಂದ ಉಸಿರು ಬಿಗಿಹಿಡಿದು ಕೂತ. ಹೆಬ್ಬೆರಳು ಗುಂಡಿಯ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ನಿಂತಿತು.

ಯಾರೂ ಏನೂ ಒತ್ತದೆ ತುಸು ಹೊತ್ತು ಕಳೆದಾಗ, ಕುಳ್ಳ ಮೆಲ್ಲನೆ ಈಚೆಗೆ ತಿರುಗಿದ. ಪರದೆಯಿಂದ ನೇರವಾಗಿ ಅವನನ್ನೇ ನೋಡಿದ. ಒಂದೆರಡು ಸಲ ಕಾಲು ತಟ್ಟಿದ. ಆಮೇಲೆ ಆಕಳಿಸಿ, ಚಪ್ಪಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತುಕೊಂಡ.