ನಲವತ್ತೊಂದು ದಾಟಿದ ಗೀರು

ಎಳ್ಳಿನಷ್ಟು ಒಂದು ಕರಿ ಚುಕ್ಕೆ, ಪರದೆಯ ಮೇಲಿನ ಧೂಳಿರಬೇಕು, ಬೆರಳಿನಿಂದ ಒರೆಸುತ್ತೇನೆ, ಹೋಗುವುದಿಲ್ಲ, ಮುಂದಿನ ಚಿತ್ರಕ್ಕೆ ಒತ್ತಿದರೆ ಅದೂ ಜೀವಕೋಶದ ಜೊತೆಗೇ ಸರಿಯುತ್ತದೆ — ಅಂದರೆ ಕೋಶದ ಹೊಟ್ಟೆಯೊಳಗೇ ಇದೆ, ನನ್ನ ನಲವತ್ತೊಂದನೆಯ ಕೋಶ, ಇಷ್ಟು ದೊಡ್ಡದು ಮಾಡಿ ಇದನ್ನು ಯಾವತ್ತೂ ನೋಡಿರಲಿಲ್ಲ, ಇವತ್ತೂ ನೋಡುತ್ತಿರಲಿಲ್ಲ, ಬೆಳಿಗ್ಗೆ ಗಣಿತದಕ್ಕ ಬಾಗಿಲಲ್ಲೇ ನಿಂತು, ಏ ಕನಸುಗಣ್ಣಿ, ಪ್ರಬಂಧಕ್ಕೆ ಒಂದು ಚೆಂದದ ಚಿತ್ರ ಆರಿಸಿಕೊಡೇ, ಎರಡು ಕೋಶ ಮುಟ್ಟಿಕೊಳ್ಳೋದು ಕಾಣ್ಬೇಕು, ನಾಲ್ಕು ಗಂಟೆಗೆ ಪತ್ರಿಕೆಗೆ ಕಳಿಸ್ತೀನಿ, ಎಂದು ಹೇಳಿಹೋಗದಿದ್ದರೆ. ಕೋಣೆ ತಣ್ಣಗಿದೆ, ಸೂಕ್ಷ್ಮದರ್ಶಕದ ಪೆಟ್ಟಿಗೆಯೊಳಗೆ ಮಾತ್ರ ಬೆಚ್ಚಗೆ, ಕೋಶಗಳಿಗೆ ಮೂವತ್ತೇಳು ಡಿಗ್ರಿ, ನನಗೆ ಶಾಲು. ತಟ್ಟೆಯ ತುಂಬ ಕೋಶ ಬೆಳೆಸುವುದು, ನಡುವೆ ಸೂಜಿಯಿಂದ ಗಾಯದ ಹಾಗೆ ಒಂದು ಗೀರು ಎಳೆಯುವುದು, ಎರಡೂ ದಂಡೆಯಿಂದ ಅವು ತೆವಳಿ ಬಂದು ಮುಚ್ಚುವುದನ್ನು ಐದು ನಿಮಿಷಕ್ಕೊಂದು ಚಿತ್ರ ತೆಗೆಯುವುದು, ಇದು ನನ್ನ ಕೆಲಸ. ಅವು ತೆವಳುವ ಮೆತ್ತನೆಯ ನೆಲವನ್ನು ಮಾಡಿಕೊಡುವವರು ಭೌತಶಾಸ್ತ್ರದ ಮೇಷ್ಟ್ರು, ಮೊದಲ ದಿನವೇ ನನ್ನ ಮಾತು ತಡೆದು, ಅಲ್ಲಮ್ಮಾ, ಕೋಶದ ಊರು ಹೆಸರು ನನಗ್ಯಾಕೆ, ಎಷ್ಟು ಜೋರಾಗಿ ಎಳೆಯತ್ತೆ ಹೇಳು ಸಾಕು, ಎಂದಿದ್ದರು. ಒಂದೊಂದು ಚಿತ್ರದಲ್ಲೂ ಒಂದೊಂದು ಕೋಶವನ್ನು ನಾನು ಒತ್ತಿ ಗುರುತಿಸಿದ ಜಾಡಿನಿಂದ ಸಮೀಕರಣ ಕಟ್ಟುವವಳು ಗಣಿತದಕ್ಕ, ಮೂರು ವರ್ಷ ಕಟ್ಟಿದ್ದಾಳೆ, ಎದುರಿನವರನ್ನು ಮುಟ್ಟಿದರೂ ಕೋಶ ಹೊರಟ ದಿಕ್ಕನ್ನು ಮರೆಯುವುದಿಲ್ಲ ಎಂದು ತೋರಿಸಿದ್ದಾಳೆ, ಈ ಪ್ರಬಂಧ ಅಚ್ಚಾದರೆ ಅವಳ ಕೆಲಸ ಕಾಯಂ.

ನೂರ ಹನ್ನೆರಡನೆಯ ಚಿತ್ರ, ಎಡದಿಂದ ಬಂದ ನಲವತ್ತೊಂದು, ಬಲದಿಂದ ಬಂದ ಹದಿನೇಳು, ಗೀರಿನ ನಡುವೆ ಮುಟ್ಟುತ್ತವೆ, ಮೂರು ಚಿತ್ರಗಳಷ್ಟು ಹೊತ್ತು ಒಂದೇ ಮುದ್ದೆ, ಯಾರು ಯಾರೋ, ಆಮೇಲೆ ನಡುವೆ ತೆಳ್ಳನೆಯ ಎಳೆ ಬಿಟ್ಟುಕೊಂಡು ಬೇರೆಯಾಗುತ್ತವೆ, ಬಲಕ್ಕೆ ಹೋದದ್ದನ್ನು ನಲವತ್ತೊಂದು ಎಂದು ಒತ್ತಿದ್ದೇನೆ, ದಾಟಿತು ಎಂದು — ಆ ಎಳ್ಳಿನ ಚುಕ್ಕೆ ಎಡಕ್ಕೆ ಹೋಗುತ್ತಿದೆ, ಬಂದ ದಾರಿಗೇ. ಯಾಕೆ ಹಾಗೆ ಒತ್ತಿದೆ, ಯೋಚಿಸಿಯೂ ಇರಲಿಲ್ಲ, ಹೊರಟವರು ದಾಟಬೇಕಲ್ಲ, ಅಜ್ಜಿಯ ಕಥೆಗಳಲ್ಲಿ ಏಳು ಕಾಡು ದಾಟುತ್ತಿದ್ದರು, ತಿರುಗಿ ನೋಡಿದವರು ಕಲ್ಲಾಗುತ್ತಿದ್ದರು, ಅರ್ಧಕ್ಕೇ ವಾಪಸು ಬಂದವನ ಕಥೆ ಹೇಳಜ್ಜೀ ಎಂದು ಪೀಡಿಸಿದರೆ, ಬಂದ, ಉಂಡ, ಮಲಗಿದ, ಮುಗೀತು ಕಣೇ, ನೀನೂ ಮಲಕ್ಕೋ, ಎಂದು ಮಗ್ಗುಲಾಗುತ್ತಿದ್ದಳು. ಇಂಥ ಅರವತ್ತೆರಡು ಭೇಟಿಗಳನ್ನೂ ತೆರೆದು ನೋಡಿದ್ದಾಯಿತು, ಗುರುತು ಸಿಗುವಂಥ ಕಲೆಯೋ ಚುಕ್ಕೆಯೋ ಇರುವುದು ಹನ್ನೊಂದರಲ್ಲಿ, ಅದರಲ್ಲಿ ಒಂಬತ್ತು ಕಡೆ ಕೋಶ ಮುಟ್ಟಿ ತಿರುಗಿದೆ, ಒಂಬತ್ತನ್ನೂ ನಾನು ದಾಟಿಸಿದ್ದೇನೆ, ದಿಕ್ಕು ಮರೆಯದವಳು ನಾನು, ಕೋಶವಲ್ಲ. ಎರಡೂವರೆ ಗಂಟೆ. ಚುಕ್ಕೆ ಇಲ್ಲದ ಬೇರೊಂದು ಚಿತ್ರ ಆರಿಸಿಕೊಟ್ಟರೆ ಯಾರಿಗೂ ತಿಳಿಯುವುದಿಲ್ಲ, ಓದುವವರಿಗೆ ಹೋಗುವುದು ಆ ಒಂದು ಚಿತ್ರ, ಉಳಿದದ್ದು ಬರೀ ಅಂಕಿ, ಹೀಗೆ ಯೋಚಿಸುತ್ತಿರುವುದು ನಾನೇ, ಎದೆ ಹೊಡೆದುಕೊಳ್ಳುವುದೂ ಇಲ್ಲ, ವಿಚಿತ್ರ — ಬಾಗಿಲು, ಚಹಾದ ವಾಸನೆ, ಗಣಿತದಕ್ಕ ಎರಡು ಲೋಟ ಹಿಡಿದು, ಏನೇ, ಸಿಕ್ತಾ, ಇಲ್ಲಾ ನಿದ್ದೆ ಹೊಡೀತಿದ್ಯಾ, ಅಕ್ಕಾ, ಇವು ದಾಟ್ಲಿಲ್ಲ, ಎನ್ನುತ್ತೇನೆ, ಯಾವುವೇ, ನಲವತ್ತೊಂದು, ಇನ್ನೂ ಎಂಟು, ಮುದ್ದೆಯಾದಾಗ ಊಹೆ ಮೇಲೆ ಒತ್ತಿದೀನಿ, ಎಷ್ಟು ಕಡೆ, ಎಲ್ಲಾ ಕಡೆ. ನಗುತ್ತಾಳೇನೋ ಎಂದುಕೊಂಡೆ, ನಗಲಿಲ್ಲ, ಬಯ್ಯಲಿಲ್ಲ, ಲೋಟ ಕೆಳಗಿಟ್ಟು ಪಕ್ಕದ ಕುರ್ಚಿ ಎಳೆದುಕೊಂಡಳು, ಮೇಷ್ಟ್ರಿಗೆ ಹೇಳಿದ್ಯಾ, ಇಲ್ಲ ಅಕ್ಕಾ, ಇನ್ಯಾರಿಗಾದ್ರೂ, ಇಲ್ಲ, ಚಹಾ ಕೆನೆಗಟ್ಟುತ್ತಿದೆ, ಅವಳ ಉಗುರು ಮೇಜಿನ ಅಂಚಿನಲ್ಲಿ ಟಕ್ ಟಕ್, ಆಮೇಲೆ, ಫೋನ್ ಮಾಡು ಅವರಿಗೆ, ಪ್ರಬಂಧ ಇವತ್ತು ಹೋಗಲ್ಲ ಅನ್ನು, ಯಾಕೆ ಅಂತ ನೀನೇ ಹೇಳು, ಎನ್ನುತ್ತಲೇ ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡು ಒತ್ತುತ್ತಾಳೆ, ಮುಂದಕ್ಕೆ, ಮುದ್ದೆ ಬಿಡಿಸಿಕೊಳ್ಳುತ್ತದೆ, ಹಿಂದಕ್ಕೆ, ಮುದ್ದೆ, ಫೋನ್ ನನ್ನ ಕೈಯಲ್ಲಿದೆ, ಅತ್ತ ಗಂಟೆ ಬಡಿಯುತ್ತಿದೆ, ಮುಂದಕ್ಕೆ, ಎರಡರ ನಡುವೆ ಆ ಎಳೆ, ಹಿಂದಕ್ಕೆ, ಮುಂದಕ್ಕೆ, ಹಲೋ ಹೇಳಮ್ಮಾ, ಎಳೆ, ಕೂದಲಿಗಿಂತ ತೆಳ್ಳಗೆ, ಬಿಗಿದು, ಇನ್ನೂ ಹರಿಯದೆ, ಎಳೆ —