ಮಾಶಾಬಿ ಆರಿಸಿ ತೆಗೆದ ಕಸ

ಮಾಶಾಬಿಯ ಕೈಗೆ ಆ ಖಾಲಿ ಚೀಲಗಳನ್ನು ಕೊಟ್ಟವನು ನಾನೇ. ಗಂಗಾವತಿ ಕಡೆಯ ನಮ್ಮ ಊರಿನಲ್ಲಿ ಕಸದ ಟ್ರ್ಯಾಕ್ಟರುಗಳಿಗೆ ನಾನು ಮೇಸ್ತ್ರಿ. ಅವಳು ಕಸದ ಗುಡ್ಡದಲ್ಲಿ ಚಿಂದಿ ಆರಿಸುವವಳು, ಪಕ್ಕದಲ್ಲೇ ಗುಡಿಸಲು. ಗುಡ್ಡ ವರ್ಷವಿಡೀ ಒಳಗೊಳಗೇ ಉರಿಯುತ್ತದೆ. ಆ ಹೊಗೆ ಕುಡಿದೂ ಕುಡಿದೂ ಅವಳ ಮೊಮ್ಮಗಳಿಗೆ, ತಾಯಿಯಿಲ್ಲದ ಅಫ್ಸಾನಾಗೆ, ಏಳನೇ ವರ್ಷಕ್ಕೇ ಉಬ್ಬಸ. ಹೊಗೆಯಿಂದ ದೂರ ಇಡಿ ಎಂದು ಡಾಕ್ಟರು ಸಲೀಸಾಗಿ ಹೇಳಿದ್ದರು. ಎಲ್ಲಿಡುವುದು?

ಹೋದ ವರ್ಷ ಕಂಪನಿಯೊಂದರ ಎಂಜಿನಿಯರ್ ಸುಭಾಷ್ ಬಂದು ಪ್ಲಾಸ್ಮಾ ಘಟಕದ ವಿಷಯ ಹೇಳಿದರು. ಕಸವನ್ನು ಸುಡುವುದೇ ಇಲ್ಲವಂತೆ. ಮುಚ್ಚಿದ ಕುಲುಮೆಯಲ್ಲಿ ಸಿಡಿಲಿನಂಥ ಕಾವು ಕೊಟ್ಟರೆ ಅದು ಗ್ಯಾಸ್ ಆಗುತ್ತದೆ, ಅದರಿಂದ ಕರೆಂಟು ತೆಗೆಯುತ್ತಾರೆ, ಉಳಿದದ್ದು ಗಾಜಿನಂಥ ಕಲ್ಲಾಗಿ ರಸ್ತೆಗೆ ಬರುತ್ತದೆ. ಗುಡ್ಡ ಕರಗುತ್ತದೆ, ಕಾಲುವೆಗೆ ಕೊಳೆನೀರು ಇಳಿಯುವುದಿಲ್ಲ. ಹೊಗೆ ಇರುತ್ತದೋ ಇಲ್ಲವೋ ಎಂದಷ್ಟೇ ಮಾಶಾಬಿ ಕೇಳಿದಳು. ಇರುವುದಿಲ್ಲ ಎಂದರು. ಘಟಕ ಬಂದರೆ ನಿನ್ನ ಹೊಟ್ಟೆಪಾಡು ಹೋಯಿತು ನೋಡು ಎಂದು ನಾನು ಕೆಣಕಿದೆ. ಹೋಗಲಿ, ಹುಡುಗಿ ಉಸಿರಾಡಲಿ ಎಂದಳು.

ನಮ್ಮ ಕಸ ಘಟಕಕ್ಕೆ ಆಗುತ್ತದೋ ಎಂಬ ಪರೀಕ್ಷೆಗೆ ಕಂಪನಿಗೆ ಹತ್ತು ಚೀಲ ಕಸ ಕಳಿಸಬೇಕಿತ್ತು. ಇದ್ದದ್ದನ್ನು ಇದ್ದ ಹಾಗೇ ತುಂಬಿಸಬೇಕೆಂದು ನನಗೆ ಹೇಳಿದ್ದರು. ನಾನು ಅವಳಿಗೆ ಬರೀ ತುಂಬು ಎಂದು ಹೇಳಿ ಚಹಾ ಕುಡಿಯಲು ಹೋದೆ.

ಮೂರು ತಿಂಗಳಿಗೆ ಪತ್ರ ಬಂತು. ಈ ಊರಿನ ಕಸ ಬರೀ ಮಣ್ಣು, ಹಸಿ ಸಿಪ್ಪೆ. ಕರೆಂಟು ಹುಟ್ಟುವಷ್ಟು ಸತ್ವವಿಲ್ಲ. ಘಟಕ ಬೇರೆ ಊರಿಗೆ ಹೋಯಿತು. ತಿಳಿಸಲು ಹೋದಾಗ ಮಾಶಾಬಿ ನನ್ನನ್ನು ಗುಡಿಸಲ ಹಿಂದಕ್ಕೆ ಕರೆದೊಯ್ದಳು. ಅಲ್ಲಿ ಆರು ಚೀಲ: ಗುಜರಿಯವನೂ ಕೊಳ್ಳದ ಗುಟ್ಕಾ ಚೀಟು, ಹರಕು ಪ್ಲಾಸ್ಟಿಕ್ಕು, ಟೈರಿನ ತುಂಡು, ಚಪ್ಪಲಿ.

"ಕರೀ ಹೊಗಿ ಬರೂದು ಇವನ್ನ ಸುಟ್ರರಿ. ಇವನ್ನ ನೋಡಿದ್ರ ಮಷೀನ ಕೊಡೂದಿಲ್ಲಂತ ಆರಿಸಿ ತಗದಿಟ್ಟೆ."

ಕಂಪನಿಗೆ ಬೇಕಾದ, ಗ್ಯಾಸಾಗಿ ಕರೆಂಟು ಕೊಡುವ ಸತ್ವವೆಲ್ಲ ಆ ಆರು ಚೀಲದಲ್ಲಿತ್ತು. ಅದನ್ನು ಅವಳಿಗೆ ಹೇಳದೆ ಇರಬಹುದಿತ್ತು; ನನ್ನ ಹಾಳು ಬಾಯಿ, ಹೇಳಿಬಿಟ್ಟೆ. ಚೀಲಗಳನ್ನು ನನ್ನ ಟ್ರ್ಯಾಕ್ಟರಿಗೇ ಹೇರಿ ಪುರಸಭೆ ಕಚೇರಿಗೆ ಬಂದಳು, ಇವನ್ನೂ ಕಳಿಸಿ ಎಂದು ಕೈ ಮುಗಿದಳು. ಮುಗಿದ ಕತೆ ಎಂದರು ಸಾಹೇಬರು. ಅಂಗಳ ಖಾಲಿ ಮಾಡು ಎಂದು ನನಗೆ ಗದರಿದರು.

ಕಸದ ಟ್ರ್ಯಾಕ್ಟರಿಗೆ ಇರುವುದು ಒಂದೇ ದಾರಿ. ಗುಡ್ಡದ ಮೇಲೆ ಸುರಿದೆ. ಒಳಗಿನ ಕೆಂಡ ತಗುಲಿ ಸಂಜೆಯ ಹೊತ್ತಿಗೆ ಟೈರು, ಚಪ್ಪಲಿ ಎಲ್ಲ ಹತ್ತಿಕೊಂಡವು. ಕರೀ ಹೊಗೆ ನೋಡಿ ಟ್ರ್ಯಾಕ್ಟರ್ ಓಡಿಸಿಕೊಂಡು ಹೋದೆ. ಮಾಶಾಬಿ ಬಾಗಿಲ ಸಂದಿಗೆ ಒದ್ದೆ ಸೀರೆ ತುರುಕುತ್ತಿದ್ದಳು. ಒಳಗೆ ಅಫ್ಸಾನಾ ಉಸಿರಿಗೆ ಒದ್ದಾಡುತ್ತಿದ್ದಳು.

ಮಾಶಾಬಿಯನ್ನು ನನ್ನ ಸೀಟಿನ ಹಿಂದೆ ಕೂರಿಸಿ, ಮಗುವನ್ನು ಅವಳ ಮಡಿಲಲ್ಲಿ ಮಲಗಿಸಿ, ಅದೇ ಟ್ರ್ಯಾಕ್ಟರನ್ನು ಆಸ್ಪತ್ರೆಯ ಕಡೆ ಓಡಿಸಿದೆ. ಕಾಲುವೆ ದಾಟಿದ ಮೇಲೆ ಮಾಶಾಬಿ ಹಿಂದಿನಿಂದ ನನ್ನ ಹೆಗಲು ಮುಟ್ಟಿದಳು.

"ಸಾವಕಾಶ ಹೊಡೀರಿ," ಎಂದಳು. "ಇನ್ನ ಅವಸರ ಇಲ್ಲ."