ದ್ವೀಪದಲ್ಲಿ ಆರು ದಿನ

ಮಳೆ ಇನ್ನೂ ಬಂದಿರಲಿಲ್ಲ; ಆದರೆ ಅದು ಬರುವುದನ್ನು ಇಡೀ ಊರು ಮೈಯಲ್ಲೇ ಅರಿತಿತ್ತು. ಪಡುವಣದಲ್ಲಿ ಸೂರ್ಯ ಆರುತ್ತಿರುವ ಕೆಂಡದಂತೆ ಮೋಡದ ಬೂದಿಯೊಳಗೆ ಹೂತುಹೋಗುತ್ತಿದ್ದ. ಬಂದರಿನ ನೀರು ಎಣ್ಣೆ ಸುರಿದಂತೆ ಅಲುಗದೆ ಮಲಗಿತ್ತು. ಎಂದೂ ಬಾಯಿ ಮುಚ್ಚದ ಕಡಲಹಕ್ಕಿಗಳು ಗೋದಾಮಿನ ಸೂರಿನ ಮೇಲೆ, ಮಾತು ಬಿಟ್ಟ ನೆಂಟರ ಹಾಗೆ ಸಾಲಾಗಿ ಕುಳಿತಿದ್ದವು. ಅಂಥ ನಿಶ್ಚಲ ಸಂಧ್ಯೆಯಲ್ಲಿ, ಸಹೃದಯರೇ, ಮೂರನೆಯ ಮಹಡಿಯ ಒಂದು ಪುಟ್ಟ ಮನೆಯಲ್ಲಿ ಮಾತ್ರ ಸಂತೋಷ ತುಂಬಿ ತುಳುಕುತ್ತಿತ್ತು... ಆ ಮನೆಯಾಕೆಯನ್ನು ಹೆದರಿಸಿದ್ದು ಅದೇ!

ಅವಳು ಬಂದರಿನ ಪಕ್ಕದ ಕಾರ್ಖಾನೆಯಲ್ಲಿ ಟಾರ್ಪಾಲು ಹೊಲಿಯುವವಳು. ಅವಳ ಗಂಡ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವನು. ಎದೆಯ ಕಾಯಿಲೆಯಿಂದ ಹೋದ ವರ್ಷ ಕೆಲಸ ಬಿಟ್ಟಿದ್ದ. ದೂರದ ಕಡಲಿನಲ್ಲೊಂದು ದ್ವೀಪವಿತ್ತು. ದ್ವೀಪಕ್ಕೆ ದ್ವೀಪವೇ ರಾಷ್ಟ್ರೀಯ ಉದ್ಯಾನ. ಅಲ್ಲಿ ಮನೆಯಿಲ್ಲ, ದೀಪವಿಲ್ಲ, ಫೋನು ಕೆಲಸ ಮಾಡುವುದಿಲ್ಲ. ಡೇರೆ ಹೊತ್ತು ಹೋದವರನ್ನು ದಡಕ್ಕಿಳಿಸಿದ ದೋಣಿ ಮತ್ತೆ ಮುಖ ತೋರಿಸುವುದು ಆರನೆಯ ದಿನವೇ. ಮದುವೆಯಾದ ಹೊಸತರಲ್ಲಿ ಅದರ ನಕ್ಷೆಯನ್ನು ಬರೆದವನು ಅವನೇ. ಎಂದೂ ತುಳಿಯದ ಆ ನೆಲದ ಒಂದೊಂದು ಕೊಲ್ಲಿಯೂ ಅವನಿಗೆ ಅಂಗೈಯ ಗೆರೆ. 'ಈ ಸಲ, ಈ ಸಲ' ಎನ್ನುತ್ತಲೇ ಹನ್ನೊಂದು ವರ್ಷ ಸಂದಿತ್ತು. ಈಗ ಪರವಾನಗಿ ಬಂದಿತ್ತು. ಡಾಕ್ಟರೂ ಹೋಗಿಬನ್ನಿ ಅಂದರು ಎಂದು ಅವನು ಹೇಳಿದ್ದ.

ನಾಡಿದ್ದು ಪಯಣ. ನಡುಮನೆಯ ಮೇಜು ಕುರ್ಚಿಗಳನ್ನು ಗೋಡೆಗೊತ್ತಿ, ಅವನು ಗಡಿಯಾರ ಹಿಡಿದು ನಿಂತಿದ್ದ.

"ಡೇರೆ ನೀನೊಬ್ಬಳೇ ಕಟ್ಟಬೇಕು. ನಾನು ಕೈ ಹಾಕಲ್ಲ."

"ಏನ್ರೀ ಇದು, ಹೆಂಡತಿನ ಕೂಲಿಗೆ ಕರ್ಕೊಂಡು ಹೋಗ್ತಿದೀರಾ?"

"ರಾಣಿ ಹಾಗೇ ಇರು. ಅರಮನೆ ಮಾತ್ರ ನೀನೇ ಕಟ್ಕೋ!"

ಹಗ್ಗವನ್ನು ಕಿಟಕಿಯ ಸರಳಿಗೆ, ಮೇಜಿನ ಕಾಲಿಗೆ ಬಿಗಿದು ಅವಳು ಒಂಬತ್ತು ನಿಮಿಷಕ್ಕೆ ಡೇರೆ ಎಬ್ಬಿಸಿದಳು. ಅವನ ಮುಖದಲ್ಲಿ ಶರತ್ಕಾಲದ ಬಿಸಿಲು ಹರಡಿತು. "ಇನ್ನು ನನಗೆ ಯೋಚನೆ ಇಲ್ಲ" ಎಂದ. ಆ ಮಾತು ಮಾತ್ರ, ಮಳೆಯ ಮೊದಲ ತಣ್ಣನೆಯ ಹನಿಯಂತೆ, ಅವಳ ಬೆನ್ನ ಮೇಲೆ ಬಿತ್ತು.

ಅವನು ಕೊಂಚ ಒರಗಲು ಒಳಗೆ ಹೋದಾಗ ಟವೆಲು ಇಡಲೆಂದು ಅವಳು ಚೀಲಗಳನ್ನು ಬಿಚ್ಚಿದಳು. ಸೀಟಿ, ಬೆಂಕಿಪೆಟ್ಟಿಗೆ, ಹಡಗುಗಳಿಗೆ ಬೆಳಕು ಹಾಯಿಸುವ ಕನ್ನಡಿ, ಎಲ್ಲ ಅವಳ ಚೀಲದಲ್ಲಿ. ಅವಳ ಬಟ್ಟೆ ಆರು ಜೊತೆ. ಅವನ ಚೀಲದಲ್ಲಿ ಅಂಗಿ ಮೂರು. ಬಟ್ಟೆಯ ಮಡಿಕೆಗಳನ್ನು ಹೆಬ್ಬೆರಳಿನಿಂದಲೇ ಎಣಿಸಿ ಬದುಕುವವಳು ಅವಳು. ಎರಡನೆಯ ಸಲ ಎಣಿಸಿದರೂ ಮೂರೇ. ಅವುಗಳನ್ನು ಹಿಡಿದು ಅವನ ಕೋಣೆಗೆ ಹೋದಳು.

"ರೀ, ಆರು ದಿನಕ್ಕೆ ಮೂರು ಅಂಗೀನಾ?"

"ಅಲ್ಲಿ ಯಾರು ನೋಡ್ತಾರೆ? ಹಕ್ಕಿಗಳಿಗೆ ಇಸ್ತ್ರಿ ಅಂಗಿ ಬೇಕಾ?"

"ನನ್ನ ಮುಖ ನೋಡಿ ಹೇಳಿ."

ಅವನು ನೋಡಲಿಲ್ಲ. ಕಿಟಕಿಯಾಚೆಯ ಹೊಗೆಬಣ್ಣದ ನೀರನ್ನೇ ನೋಡುತ್ತ ಹೇಳಿದ.

"ಡಾಕ್ಟರ್ ಬೇಡ ಅಂದ್ರು ಕಣೇ. ಗುಡ್ಡ ಹತ್ತಿ ಇಳಿಯೋದು ಈ ಎದೆ ತಡೆಯಲ್ಲವಂತೆ. ಮನೇಲೇ ಇದ್ರೆ ಮಳೆಗಾಲ ದಾಟಬಹುದು ಅಂದ್ರು... ಬಹುದು, ಅಷ್ಟೇ!"

"ಮತ್ತೆ ನಾನು? ಅಲ್ಲಿ ನನ್ನೊಬ್ಬಳನ್ನೇ..."

"ಅದಕ್ಕೇ ಡೇರೆ ಕಟ್ಟೋದು, ಕನ್ನಡಿ ಹಾಯ್ಸೋದು ಎಲ್ಲ ಕಲಿಸಿದ್ದು."

ಅವಳು ಕೂಗಾಡಲಿಲ್ಲ. ಅಳಲೂ ಇಲ್ಲ. ಮೂರು ಅಂಗಿಗಳನ್ನು ಮಡಿಲಲ್ಲಿಟ್ಟುಕೊಂಡು, ಕತ್ತಲಾಗುವವರೆಗೂ ಹಾಗೇ ಕುಳಿತಿದ್ದಳು.

ಬೆಳಗಾಗುತ್ತಲೇ ಫೋನು ಬಡಿದುಕೊಂಡಿತು. ದೋಣಿಯವನು!

"ಅಕ್ಕಾ, ಗಾಳಿ ತಿರುಗ್ತಿದೆ. ನಾಳೆ ಆಗಲ್ಲ, ಇವತ್ತೇ ಹತ್ತು ಗಂಟೆಗೆ ಹೊರಡ್ತೀನಿ. ಬರ್ತೀರಾ, ಬಿಡ್ತೀರಾ?"

ಬಾಗಿಲಲ್ಲಿ ಗಂಡ ಬಂದು ನಿಂತಿದ್ದ. ಅರ್ಧ ಮುಖದಲ್ಲಿ ಕ್ಷೌರದ ನೊರೆ, ಇನ್ನರ್ಧದಲ್ಲಿ ಮುಚ್ಚಿಡಲಾಗದ ಆಸೆ.

"ಮೂರನೇ ದಿನ ಒಂದ್ಸಲ ಬಂದು ನೋಡ್ಕೊಂಡು ಹೋಗಕ್ಕಾಗುತ್ತಾ?" ಎಂದಳು ಫೋನಿಗೆ.

"ಕಡಲೇನು ಮಾವನ ಮನೆನಾ ಅಕ್ಕಾ, ಮನಸ್ಸು ಬಂದಾಗ ಹೋಗಿಬರೋಕೆ? ಬಂದ್ರೆ ಆರನೇ ದಿನಾನೇ."

ಬೇಡ ಎಂದರೆ ಅವನು ಉಳಿಯಬಹುದು. ಔಷಧದ ವಾಸನೆಯ ಆ ಹಾಸಿಗೆಯಲ್ಲಿ, ಉಸಿರುಗಳನ್ನು ಅವಳು ಎಣಿಸುತ್ತಿರಲು, ಒಂದು ಮಳೆಗಾಲ. ಹೂಂ ಎಂದರೆ... ಆ ವಾಕ್ಯದ ಕೊನೆಗೆ ಹೋಗಲು ಅವಳ ಮನಸ್ಸು ಒಪ್ಪಲಿಲ್ಲ.

"ಹಾಗಾದ್ರೆ ಆರನೇ ದಿನಕ್ಕೇ ಬನ್ನಿ. ಇಬ್ಬರೂ ದಡದಲ್ಲಿ ನಿಂತಿರ್ತೀವಿ."

ಫೋನು ಕೆಳಗಿಟ್ಟಳು. ಹೊರಗೆ, ನಿನ್ನೆಯಿಂದ ಉಸಿರು ಹಿಡಿದಿದ್ದ ಗಾಳಿ ಒಮ್ಮೆಲೇ ಎದ್ದು ಬೀದಿಯ ಬಾಗಿಲುಗಳನ್ನೆಲ್ಲ ಬಡಿಯತೊಡಗಿತು. ಪ್ರೀತಿಯೆಂದರೆ ಬಿಗಿಹಿಡಿದು ಉಳಿಸಿಕೊಳ್ಳುವುದೆಂದೇ ಅವಳು ಆ ಬೆಳಗಿನವರೆಗೂ ತಿಳಿದಿದ್ದಳು. ಎದುರಿಗೆ ದುಃಖ ಕಾದಿದೆಯೆಂದು ಅರಿತೂ, ಕಣ್ಣು ತೆರೆದುಕೊಂಡೇ, ಇನ್ನೊಬ್ಬರ ಆಸೆಯ ಕೈ ಹಿಡಿದು ಅದರತ್ತ ನಡೆಯುವ ಧೈರ್ಯವನ್ನು ಮನುಷ್ಯನ ಪುಟ್ಟ ಹೃದಯಕ್ಕೆ ಯಾರು ಕೊಟ್ಟರೋ... ಕೊಟ್ಟವರಿಗೂ ಅದರ ಆಳ ತಿಳಿದಿತ್ತೋ ಇಲ್ಲವೋ!